ನಾಟಕಕಾರ ಸಂಸರು

ಯಳಂದೂರು ಸೀಮೆಯ ಅಗರ ಗ್ರಾಮ ಶ್ರೀಕ್ಷೇತ್ರ ಸುತ್ತೂರಿಗೆ ಬಹುದೂರದ್ದೇನಲ್ಲ. ಅಲ್ಲಿ 1898ರಲ್ಲಿ ಜನಿಸಿದ ಸಾಮಿ ವೆಂಕಟಾದ್ರಿ ಅಯ್ಯರ್ ಅವರೇ ‘ಸಂಸ’ ಎಂಬ ಹೆಸರಿನಿಂದ ಮೈಸೂರು ಅರಸರ ಚರಿತ್ರೆಯನ್ನು ನಾಟಕಗಳಾಗಿಸಿದವರು. ‘ವಿಗಡ ವಿಕ್ರಮರಾಯ’ದಲ್ಲಿ ದಳವಾಯಿಯ ಸಂಚು ಅರಮನೆಯನ್ನೇ ಆವರಿಸುತ್ತದೆ. ಸಂಸರ ಬದುಕನ್ನು ಆವರಿಸಿದ್ದು ಪೊಲೀಸರು ತಮ್ಮನ್ನು ಹಿಂಬಾಲಿಸುತ್ತಿರುವರೆಂಬ ಶಂಕೆ. ಅದಕ್ಕಂಜಿ ಊರಿಂದೂರಿಗೆ ಅಲೆದರು, ಎಲ್ಲಿಯೂ ನೆಲೆನಿಲ್ಲಲಿಲ್ಲ. ಈ ಶಂಕೆಯೇ ಅವರಿಂದ ನಾಟಕಗಳನ್ನು ಬರೆಯಿಸಿತೆಂದರೆ ನಾವು ಒಪ್ಪಲಾರೆವು. ಬರೆಯಿಸಿದ್ದು ಚರಿತ್ರೆಯ ವ್ಯಾಸಂಗ ಮತ್ತು ಭಾಷೆಯ ಮೇಲಿನ ಹಿಡಿತ; ಕಾಯಿಲೆ ಕಸಿದುಕೊಂಡದ್ದೇ ಹೆಚ್ಚು. ಇಂದಾದರೆ ಅಂತಹ ಭಯಕ್ಕೆ ಚಿಕಿತ್ಸೆಯುಂಟು. 1939ರಲ್ಲಿ ಮೈಸೂರಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ರಚಿಸಿದ ನಾಟಕಗಳು ಇಪ್ಪತ್ತಕ್ಕೂ ಮಿಗಿಲೆಂದು ಬಲ್ಲವರು ಹೇಳುತ್ತಾರೆ. ನಮಗೆ ಉಳಿದಿರುವುದು 6. ಸಂಸರ ನೆನಪನ್ನು ಕನ್ನಡಿಗರಲ್ಲಿ ಉಳಿಸಲು ಶ್ರಮಿಸಿದವರು ಜಿ.ಪಿ. ರಾಜರತ್ನಂ.