102ನೇ ಹೆಸರು: ಜಾನಿ ಯುನೈಟಸ್

ಅಮೆರಿಕದವರು ಫುಟ್‌ಬಾಲ್ ಅಂದ್ರೆ ನಾವು ಗ್ರೌಂಡಿನಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಮೇಲೆ ಬಿದ್ದು ಗುದ್ದಾಡುವ ಆಟ ಅದು. ಅಲ್ಲಿನ ಎನ್‌ಎಫ್‌ಎಲ್ ಲೀಗಿಗೆ ಹೊಸ ಹುಡುಗರು ಬರೋದು ನಮ್ಮ ಐಪಿಎಲ್ ಥರ ಹರಾಜಿನಲ್ಲಿ ಅಲ್ಲ, ಡ್ರಾಫ್ಟ್‌ನಲ್ಲಿ. ಕಾಲೇಜು ಆಟ ಮುಗಿಸಿದವರನ್ನು ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ.

ಈ ಡ್ರಾಫ್ಟ್ ನಡೆಯೋ ಮುಂಚೆ ಅಭಿಮಾನಿಗಳು ತಮ್ಮದೇ ಒಂದು ಅಣಕು ಡ್ರಾಫ್ಟ್ ನಡೆಸ್ತಾರೆ. ಒಬ್ಬೊಬ್ಬರು ಒಂದೊಂದು ತಂಡದ ಮ್ಯಾನೇಜರ್ ಆಗಿ ಕೂತು, ತಮ್ಮ ಸರದಿ ಬಂದಾಗ ಒಂದು ಹೆಸರು ಹೇಳಿ, ಯಾಕೆ ಅಂತ ವಾದ ಮಾಡಬೇಕು. ಮೊದಲ ಸುತ್ತಿನಲ್ಲಿ ಅಂಥ ಸ್ವಾರಸ್ಯ ಏನೂ ಇರಲ್ಲ, ಎಲ್ಲಾ ಗೊತ್ತಿರೋ ಹೆಸರುಗಳೇ. ಮಜಾ ಶುರುವಾಗೋದು ಐದು, ಆರು, ಏಳನೇ ಸುತ್ತಿನಲ್ಲಿ. ಅಲ್ಲಿ ಸಿಗುವ, ಯಾರ ಕಣ್ಣಿಗೂ ಬೀಳದ ಆಟಗಾರನಿಗೆ ಅವರು ಸ್ಲೀಪರ್ ಅಂತಾರೆ. (ನಮಗೆ ಸ್ಲೀಪರ್ ಅಂದ್ರೆ ರೈಲಿನ ಬೋಗಿ. ಆ ಹುಡುಗನ ಸ್ಥಿತಿಯೂ ಹೆಚ್ಚುಕಮ್ಮಿ ವೇಟಿಂಗ್ ಲಿಸ್ಟಿನದೇ ಅನ್ನಿ.) ಇಂಥ ಹೆಸರು ಹೇಳಿದವನನ್ನು ಯಾರಾದರೂ ಆಡಿಕೊಂಡರೆ ಅವನ ಬಳಿ ಉತ್ತರ ರೆಡಿ ಇರುತ್ತೆ: ಬಾರ್ಟ್ ಸ್ಟಾರ್ ಸಿಕ್ಕಿದ್ದು 200ನೇ ಜಾಗದಲ್ಲಿ, ಟಾಮ್ ಬ್ರೇಡಿ ಸಿಕ್ಕಿದ್ದು 199ನೇ ಜಾಗದಲ್ಲಿ, ಜಾನಿ ಯುನೈಟಸ್ 102ರಲ್ಲಿ.

ಈ ಮೂವರಲ್ಲಿ ಯುನೈಟಸ್ ಹಿರಿಯ. ಆದರೆ ಆತನ ಹೆಸರನ್ನು ಈ ಸಾಲಿಗೆ ಸೇರಿಸೋವಾಗ ಒಂದು ವಿಷಯವನ್ನು ಎಲ್ಲರೂ ಹಾರಿಸಿಬಿಡ್ತಾರೆ ಅಂತ ನಮಗನ್ನಿಸುತ್ತೆ. ಸ್ಟಾರ್‌ನನ್ನು, ಬ್ರೇಡಿಯನ್ನು ಆರಿಸಿದ ತಂಡಗಳು ಅವರನ್ನು ಉಳಿಸಿಕೊಂಡವು. ಯುನೈಟಸ್‌ನನ್ನು ಆರಿಸಿದ ತಂಡ ಒಂದೇ ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳಿಸಿತು. 102ನೇ ನಂಬರಿನಿಂದ ಆತನಿಗೂ ಲಾಭ ಆಗಲಿಲ್ಲ, ಆ ತಂಡಕ್ಕೂ ಆಗಲಿಲ್ಲ. ಆತನ ಬದುಕು ತಿರುಗಿದ್ದು ಡ್ರಾಫ್ಟ್ ಮುಗಿದು ಒಂದು ವರ್ಷ ಆದ ಮೇಲೆ, ಡ್ರಾಫ್ಟ್‌ಗೆ ಸಂಬಂಧವೇ ಇಲ್ಲದ ಒಂದು ಕಡೆ.

ಜಾನ್ ಯುನೈಟಸ್ ಹುಟ್ಟಿದ್ದು 1933ರ ಮೇ 7ರಂದು, ಪಿಟ್ಸ್‌ಬರ್ಗ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು ಅದು. ಲಿಥುವೇನಿಯಾ ಮೂಲದ ಮನೆತನ. ಅಪ್ಪನಿಗೆ ಮನೆಮನೆಗೆ ಕಲ್ಲಿದ್ದಲು ಹಾಕೋ ಸಣ್ಣ ವ್ಯಾಪಾರ ಇತ್ತು. ಹುಡುಗನಿಗೆ ಐದು ವರ್ಷ ಆದಾಗ ಅಪ್ಪ ತೀರಿಕೊಂಡರು. ತಾಯಿ ಹೆಲೆನ್ ಮಕ್ಕಳನ್ನು ಸಾಕೋದಕ್ಕೆ ಎರಡೆರಡು ಕೆಲಸ ಮಾಡಿದರು, ಜೊತೆಗೆ ರಾತ್ರಿ ಹೊತ್ತು ಲೆಕ್ಕಪತ್ರದ ಓದನ್ನೂ ಮುಗಿಸಿದರು.

ಶಾಲೆಯಲ್ಲಿ ಆತ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೇ ಬರೋದು, ಯಾರಿಗೆ ಕೊಡಬೇಕು, ಯಾವಾಗ ಎಸೀಬೇಕು ಅನ್ನೋದು ಅವನದೇ ಲೆಕ್ಕ. ಕ್ಯಾಪ್ಟನ್, ಬೌಲರ್ ಎರಡೂ ಒಬ್ಬನೇ ಅಂದುಕೊಳ್ಳಿ. ಆಸೆ ಇದ್ದದ್ದು ನೋಟ್ರ ಡೇಮ್ ಸೇರೋದು. ಅಲ್ಲಿ ಹುಡುಗ ತುಂಬಾ ಸಣಕಲು ಅಂತ ಬೇಡ ಅಂದರು. ಆರಡಿ ಎತ್ತರ, ತೂಕ ಸುಮಾರು 65 ಕೆಜಿ. ಸ್ವಂತ ಊರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಕರೆದಿತ್ತು, ಪ್ರವೇಶ ಪರೀಕ್ಷೆ ಪಾಸಾಗಲಿಲ್ಲ. ಉಳಿದದ್ದು ಲೂಯಿವಿಲ್. ಆಗ ಅದು ಫುಟ್‌ಬಾಲ್‌ನಲ್ಲಿ ಹೆಸರಿದ್ದ ಕಾಲೇಜಲ್ಲ.

ಲೂಯಿವಿಲ್‌ನ ನಾಲ್ಕು ವರ್ಷ ಓದಿದರೆ ಆತನನ್ನು ಯಾರೂ ಯಾಕೆ ಗಮನಿಸಲಿಲ್ಲ ಅನ್ನೋದು ಗೊತ್ತಾಗುತ್ತೆ. ಮೊದಲ ವರ್ಷವೇ ಸೇಂಟ್ ಬೊನವೆಂಚರ್ ವಿರುದ್ಧ ತಂಡ 19-0 ಹಿಂದಿದ್ದಾಗ ಒಳಗೆ ಬಂದು, ಸತತ 11 ಪಾಸ್‌ಗಳನ್ನು ಗುರಿ ಮುಟ್ಟಿಸಿ, ಮೂರು ಟಚ್‌ಡೌನ್ ಕೊಟ್ಟು 21-19 ಮಾಡಿದ. ಕೊನೆಗೆ ತಂಡ 22-21ರಲ್ಲಿ ಸೋತಿತು. ಮುಂದಿನ ವರ್ಷ ಕಾಲೇಜು ಫುಟ್‌ಬಾಲ್‌ಗೆ ಕೊಡುವ ಮಹತ್ವವನ್ನೇ ಕಡಿಮೆ ಮಾಡಿತು, ಓದಿನಲ್ಲಿ ಹಿಂದಿದ್ದ ಹಲವರ ವಿದ್ಯಾರ್ಥಿವೇತನ ನಿಂತಿತು. ಜನ ಸಾಲದೆ ಯುನೈಟಸ್ ಎಸೆಯುವುದರ ಜೊತೆಗೆ ಡಿಫೆನ್ಸ್‌ನಲ್ಲೂ ನಿಲ್ಲಬೇಕಾಯಿತು. ಟೆನ್ನೆಸ್ಸಿ ವಿರುದ್ಧ ಹೀನಾಯವಾಗಿ ಸೋತ ದಿನ ಎದುರಾಳಿಗಳನ್ನು ತಡೆದು ತಡೆದು ಕೈ ಮೇಲೆತ್ತೋಕೂ ಆಗದೆ, ಜೆರ್ಸಿಯನ್ನು ಕತ್ತರಿಸಿ ತೆಗೆಯಬೇಕಾಯಿತಂತೆ. ಕೊನೇ ವರ್ಷ ಕಾಲಿನ ಮೂಳೆಯಲ್ಲಿ ಬಿರುಕು ಬೇರೆ. ಇಂಥವನ ಅಂಕಿಅಂಶ ನೋಡಿದರೆ ಏನು ಕಾಣುತ್ತೆ? ಸೋತ ತಂಡದ, ಗಾಯವಾದ, ಹೆಸರಿಲ್ಲದ ಒಬ್ಬ ಆಟಗಾರ.

1955ರ ಡ್ರಾಫ್ಟ್‌ನಲ್ಲಿ 12 ತಂಡ, 30 ಸುತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಂಬತ್ತನೇ ಸುತ್ತಿನಲ್ಲಿ ತಮ್ಮೂರಿನ ಹುಡುಗನ ಹೆಸರು ಹೇಳಿದರು. ಇಂದಿನ 32 ತಂಡಗಳ ಲೆಕ್ಕದಲ್ಲಿ 102 ಅಂದ್ರೆ ಹೆಚ್ಚುಕಮ್ಮಿ ಮೂರನೇ ಸುತ್ತಿನ ಕೊನೆ, ಅದನ್ನು ಸ್ಲೀಪರ್ ಅಂತ ಕರೆಯೋದು ಎಷ್ಟು ಸರಿ ಅಂತ ವಾದ ಮಾಡೋರೂ ಇದ್ದಾರೆ. ಇರಲಿ. ಆ ವರ್ಷದ ಮೊಟ್ಟಮೊದಲ ಹೆಸರು ಯಾವುದು ಅನ್ನೋದನ್ನು ಮಾತ್ರ ನೆನಪಿಡಿ: ಒರೆಗಾನ್‌ನ ಜಾರ್ಜ್ ಶಾ. ಅವನೂ ಕ್ವಾರ್ಟರ್‌ಬ್ಯಾಕ್. ಆರಿಸಿದ್ದು ಬಾಲ್ಟಿಮೋರ್ ಕೋಲ್ಟ್ಸ್.

ಸ್ಟೀಲರ್ಸ್ ಕ್ಯಾಂಪ್ ನಡೆದದ್ದು ಅದೇ ಸೇಂಟ್ ಬೊನವೆಂಚರ್ ಕಾಲೇಜಿನಲ್ಲಿ. ಕೋಚ್ ವಾಲ್ಟ್ ಕೀಸ್ಲಿಂಗ್ ಬಳಿ ಜಿಮ್ ಫಿಂಕ್ಸ್, ಟೆಡ್ ಮಾರ್ಚಿಬ್ರೋಡಾ, ವಿಕ್ ಈಟನ್ ಅಂತ ಮೂವರು ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದರು. ಈಟನ್ ಆ ವರ್ಷವೇ ಯುನೈಟಸ್‌ಗಿಂತ ಎರಡು ಸುತ್ತು ಹಿಂದೆ ಬಂದವನು, ಆದರೆ ಚೆಂಡು ಒದೆಯೋದಕ್ಕೂ ಆಗ್ತಿದ್ದ. ತಂಡ ನಡೆಸುವಷ್ಟು ಬುದ್ಧಿ ಯುನೈಟಸ್‌ಗೆ ಇಲ್ಲ ಅನ್ನೋದು ಕೀಸ್ಲಿಂಗ್ ಅಭಿಪ್ರಾಯವಾಗಿತ್ತಂತೆ. ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ ಒಂದು ಸಲವೂ ಒಳಗೆ ಬಿಡಲಿಲ್ಲ. ಮಾಲೀಕ ಆರ್ಟ್ ರೂನಿಯವರ ಮಗ ಟಿಮ್ ಮಾತ್ರ ದಿನಾ ಈ ಹುಡುಗನ ಎಸೆತ ನೋಡಿ, ಇರೋರಲ್ಲಿ ಇವನೇ ಒಳ್ಳೆಯವನು ಅಂತ ಅಪ್ಪನಿಗೆ ಉದ್ದನೆಯ ಪತ್ರ ಬರೆದ. ಕೋಚ್ ಕೆಲಸದಲ್ಲಿ ತಲೆ ಹಾಕೋದು ಬೇಡ ಅಂತ ಅಪ್ಪ ಸುಮ್ಮನಾದರು. ಹಿತ್ತಲ ಗಿಡ ಮದ್ದಾಗಲಿಲ್ಲ.

ಕ್ಯಾಂಪಿನಿಂದ ಹೊರಬಿದ್ದ ಆತ ಬಸ್ ಚಾರ್ಜಿನ ದುಡ್ಡು ಉಳಿಸೋದಕ್ಕೆ ದಾರಿಯಲ್ಲಿ ಲಿಫ್ಟ್ ಕೇಳ್ತಾ ಮನೆ ಸೇರಿದ. ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು, ಮನೆಯಲ್ಲಿ ಹೆಂಡತಿ, ಕೂಸು. ಕಟ್ಟಡ ಕೆಲಸಕ್ಕೆ ಸೇರಿದ. ಹಗಲೆಲ್ಲಾ ನೆಲಕ್ಕೆ ಕಂಬ ಇಳಿಸೋ ಯಂತ್ರದ ಜೊತೆ ದುಡಿಮೆ, ಬಿಡುವಿನಲ್ಲಿ ಬ್ಲೂಮ್‌ಫೀಲ್ಡ್ ರಾಮ್ಸ್ ಅನ್ನೋ ಬಡಾವಣೆ ತಂಡದಲ್ಲಿ ಆಟ. ಪಂದ್ಯಕ್ಕೆ 6 ಡಾಲರ್. ಮೈದಾನದಲ್ಲಿ ಹುಲ್ಲು ಇಲ್ಲ, ಗಾಜಿನ ಚೂರು ಬೇಕಾದಷ್ಟು. ಎಸೆಯೋದೂ ಅವನೇ, ಚೆಂಡು ಒದೆಯೋದೂ ಅವನೇ, ಡಿಫೆನ್ಸ್‌ನಲ್ಲಿ ನಿಲ್ಲೋದೂ ಅವನೇ.

ಆತನ ಜೀವನದಲ್ಲಿ ನಮಗೆ ಅತಿ ಮುಖ್ಯ ಅನ್ನಿಸೋದು ಈ ಬ್ಲೂಮ್‌ಫೀಲ್ಡ್ ವರ್ಷ. ಅಣಕು ಡ್ರಾಫ್ಟ್‌ನಲ್ಲಿ ಒಂದು ಹೆಸರು ಹೇಳಿದ ತಕ್ಷಣ ಹೇಳಿದವನ ಜಾಣತನ ಸಾಬೀತಾದ ಹಾಗೆ ಎಲ್ಲರೂ ಮಾತಾಡ್ತಾರೆ. ಇಲ್ಲಿ ಹೆಸರು ಹೇಳಿದವರು ಹೇಳಿ ಮರೆತಿದ್ದರು. 6 ಡಾಲರ್‌ಗೋಸ್ಕರ ಯಾರೂ ಆಡಲ್ಲ ಸ್ವಾಮಿ, ಮತ್ತೆ ಯಾರಾದರೂ ಕರೆಯೋ ತನಕ ತೋಳು ತುಕ್ಕು ಹಿಡಿಯಬಾರದು ಅಂತ ಆಡಿದ್ದು ಅದು. ಆ ವರ್ಷ ಆತ ಚೆಂಡು ಕೆಳಗಿಟ್ಟಿದ್ದರೆ ಇವತ್ತು 102 ಅನ್ನೋದು ಯಾರಿಗೂ ನೆನಪಿರುತ್ತಿರಲಿಲ್ಲ.

1956ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನಿಂದ ಫೋನ್ ಬಂತು. ಮ್ಯಾನೇಜರ್ ಡಾನ್ ಕೆಲೆಟ್‌ಗೆ ಬೇಕಾಗಿದ್ದದ್ದು ಶಾ ಬದಲಿಗೆ ಬೆಂಚಿನಲ್ಲಿ ಕೂರೋ ಒಬ್ಬ. ಬ್ಲೂಮ್‌ಫೀಲ್ಡ್‌ನಲ್ಲಿ ಆಟ ನೋಡಿದ ಯಾರೋ ಅಭಿಮಾನಿ ಇವನನ್ನು ಹೊಗಳಿ ಪತ್ರ ಬರೆದಿದ್ದ ಅಂತ ಕೋಚ್ ವೀಬ್ ಯೂಬ್ಯಾಂಕ್ ಮುಂದೆ ಹೇಳ್ತಿದ್ದರು. ಆ ಪತ್ರ ಬರೆದದ್ದು ಯುನೈಟಸ್ಸೇ ಇರಬೇಕು ಅಂತ ತಮಾಷೆಯನ್ನೂ ಮಾಡ್ತಿದ್ದರು. ಒಪ್ಪಂದ ವರ್ಷಕ್ಕೆ 7,000 ಡಾಲರ್.

ಆ ಅಕ್ಟೋಬರ್‌ನಲ್ಲಿ ಶಿಕಾಗೋ ಬೇರ್ಸ್ ವಿರುದ್ಧ ಶಾ ಕಾಲು ಮುರಿದುಕೊಂಡ. ಡ್ರಾಫ್ಟ್‌ನ ಒಂದನೇ ನಂಬರ್ ಹೊರಗೆ, 102ನೇ ನಂಬರ್ ಒಳಗೆ. ಮುಂದೆ ಆದದ್ದು ಸಿನಿಮಾ ಥರ ಇಲ್ಲ. ಯುನೈಟಸ್‌ನ ಮೊದಲ ಪಾಸನ್ನೇ ಎದುರಾಳಿ ಹಿಡಿದು ಓಡಿ ಟಚ್‌ಡೌನ್ ಮಾಡಿದ. ಆಮೇಲೆ ಜೊತೆಗಾರನ ಕೈಗೆ ಚೆಂಡು ಕೊಡೋವಾಗ ಬೀಳಿಸಿದ್ದೂ ಆಯ್ತು. ತಂಡ 58-27ರಲ್ಲಿ ಸೋತಿತು. ನಮ್ಮಲ್ಲಿ ಆಗಿದ್ದರೆ ಇಷ್ಟಕ್ಕೇ ಆ ಹುಡುಗನ ಕಥೆ ಮುಗೀತಿತ್ತೇನೋ. ಯೂಬ್ಯಾಂಕ್ ಮುಂದಿನ ವಾರವೂ ಅವನನ್ನೇ ಆಡಿಸಿದರು, ಗ್ರೀನ್ ಬೇ ವಿರುದ್ಧ ತಂಡ ಗೆದ್ದಿತು. 1957ರಲ್ಲಿ ಇಡೀ ಲೀಗಿನಲ್ಲಿ ಅತಿ ಹೆಚ್ಚು ಗಜ ಪಾಸ್ ಮಾಡಿದವನು, ಅತಿ ಹೆಚ್ಚು ಟಚ್‌ಡೌನ್ ಪಾಸ್ ಕೊಟ್ಟವನು ಇವನೇ. ಶಾ ತನ್ನ ಜಾಗಕ್ಕೆ ಮರಳಲೇ ಇಲ್ಲ.

ಇಲ್ಲಿ ಇನ್ನೊಬ್ಬನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಸ್ಲೀಪರ್ ಅಂದ್ರೆ ಇವನು: ರೇಮಂಡ್ ಬೆರ್ರಿ, 1954ರ ಡ್ರಾಫ್ಟ್, 20ನೇ ಸುತ್ತು, 232ನೇ ಹೆಸರು. ಚೆಂಡು ಹಿಡಿಯೋದು ಅವನ ಕೆಲಸ, ಆದರೆ ಕಣ್ಣು ಮಂಜು, ಓಟದಲ್ಲಿ ವೇಗ ಇಲ್ಲ. ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ ಇವರಿಬ್ಬರೇ ನಿಂತು ಎಸೆಯೋದು, ಹಿಡಿಯೋದು. ಬೆರ್ರಿ ಎಷ್ಟು ಹೆಜ್ಜೆಗೆ ತಿರುಗುತ್ತಾನೆ ಅನ್ನೋದು ಯುನೈಟಸ್‌ಗೆ ಬಾಯಿಪಾಠ. ಬೆರ್ರಿ ತಿರುಗೋ ಮುಂಚೆಯೇ ಚೆಂಡು ಕೈಬಿಟ್ಟಿರುತ್ತಿತ್ತು.

ಅದು ಫಲ ಕೊಟ್ಟಿದ್ದು 1958ರ ಡಿಸೆಂಬರ್ 28ರಂದು, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಮ್‌ನಲ್ಲಿ. ಲೀಗಿನ ಫೈನಲ್, ಎದುರಿಗೆ ಜೈಂಟ್ಸ್. ಅದೇ ಸೀಸನ್‌ನಲ್ಲಿ ಯುನೈಟಸ್‌ನ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟಾಗಿತ್ತು, ಎದೆಗೆ ಕವಚ ಕಟ್ಟಿಕೊಂಡು ಮರಳಿದ್ದ. ಕೋಲ್ಟ್ಸ್ 17-14 ಹಿಂದೆ. ಎರಡು ನಿಮಿಷವೂ ಉಳಿದಿಲ್ಲ, ಚೆಂಡು ತಮ್ಮದೇ 14 ಗಜದ ಗೆರೆಯಲ್ಲಿ. ಅಲ್ಲಿಂದ ಮುಂದಕ್ಕೆ ಸಾಗುವಾಗ ಬೆರ್ರಿಗೆ ಒಂದರ ಹಿಂದೆ ಒಂದು ಮೂರು ಪಾಸ್: 25 ಗಜ, 15 ಗಜ, 22 ಗಜ. ಏಳು ಸೆಕೆಂಡ್ ಬಾಕಿ ಇದ್ದಾಗ ಸ್ಟೀವ್ ಮೈರಾ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಸಮಬಲ. ಫೈನಲ್ ಒಂದು ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಜೈಂಟ್ಸ್‌ಗೆ ಮೊದಲು ಚೆಂಡು ಸಿಕ್ಕರೂ ಏನೂ ಆಗಲಿಲ್ಲ. ಆಮೇಲೆ ಯುನೈಟಸ್ 80 ಗಜವನ್ನು 13 ಆಟಗಳಲ್ಲಿ ದಾಟಿಸಿದ. ಯಾವ ಆಟ ಆಡಬೇಕು ಅನ್ನೋ ತೀರ್ಮಾನ ಅವನದೇ, ಇವತ್ತಿನ ಥರ ಹೆಲ್ಮೆಟ್ ಒಳಗೆ ಕೋಚ್ ಪಿಸುಗುಟ್ಟೋ ವ್ಯವಸ್ಥೆ ಆಗ ಇರಲಿಲ್ಲ. ಬುದ್ಧಿ ಸಾಲದು ಅಂತ ಕಳಿಸಿದ್ದರಲ್ಲ, ಅದೇ ಆಸಾಮಿ! ಅಲನ್ ಅಮೀಚಿ ಕೊನೆಯ ಒಂದು ಗಜ ನುಗ್ಗಿದ, 23-17. ಬೆರ್ರಿ ಆ ದಿನ ಹಿಡಿದದ್ದು 12 ಪಾಸ್, 178 ಗಜ. ಟಿವಿಯಲ್ಲಿ ಕೋಟಿಗಟ್ಟಲೆ ಜನ ನೋಡಿದ ಈ ಪಂದ್ಯದಿಂದಲೇ ಎನ್‌ಎಫ್‌ಎಲ್‌ನ ನಸೀಬು ತಿರುಗಿತು ಅಂತಾರೆ.

ಉಳಿದದ್ದು ದಾಖಲೆ ಪುಸ್ತಕದಲ್ಲಿದೆ. 1959ರಲ್ಲಿ ಮತ್ತೆ ಚಾಂಪಿಯನ್, ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ 1959, 1964, 1967ರಲ್ಲಿ. ಸತತ 47 ಪಂದ್ಯಗಳಲ್ಲಿ ಕನಿಷ್ಠ ಒಂದು ಟಚ್‌ಡೌನ್ ಪಾಸ್ ಕೊಟ್ಟ ದಾಖಲೆ 2012ರಲ್ಲಿ ಡ್ರೂ ಬ್ರೀಸ್ ಮುರಿಯುವ ತನಕ ಉಳಿದಿತ್ತು. 1971ರ ಜನವರಿಯಲ್ಲಿ ಸೂಪರ್ ಬೌಲ್ ಕೂಡ ಬಂತು. ಕೊನೆಯ ಸೀಸನ್ ಮಾತ್ರ ಪರವೂರಿನಲ್ಲಿ, 1973ರಲ್ಲಿ ಸ್ಯಾನ್ ಡಿಯಾಗೋದಲ್ಲಿ. ಪಾಸ್‌ಗಳಲ್ಲಿ 40,000 ಗಜ ದಾಟಿದ ಮೊದಲಿಗನಾದದ್ದು ಅಲ್ಲೇ. ಜಾಗ ಬಿಟ್ಟುಕೊಟ್ಟದ್ದು ಆ ವರ್ಷ ಮೂರನೇ ಸುತ್ತಿನಲ್ಲಿ ಬಂದಿದ್ದ ಡ್ಯಾನ್ ಫೌಟ್ಸ್ ಎಂಬ ಹುಡುಗನಿಗೆ. ಅವನೂ ಮುಂದೆ ದೊಡ್ಡ ಹೆಸರು ಮಾಡಿದ.

ಆಟ ಬಿಟ್ಟ ಮೇಲಿನ ವರ್ಷಗಳು ಸುಖದ್ದಾಗಿರಲಿಲ್ಲ. ವ್ಯಾಪಾರದಲ್ಲಿ ಕೈ ಸುಟ್ಟುಕೊಂಡ. 1984ರಲ್ಲಿ ಕೋಲ್ಟ್ಸ್ ತಂಡ ಬಾಲ್ಟಿಮೋರ್ ಬಿಟ್ಟು ಇಂಡಿಯಾನಾಪೊಲಿಸ್‌ಗೆ ಹೋದಾಗ, ಆ ತಂಡಕ್ಕೂ ತನಗೂ ಸಂಬಂಧ ಇಲ್ಲ ಅಂದುಬಿಟ್ಟ. ಎಲ್ಲಕ್ಕಿಂತ ಕಷ್ಟದ್ದು ಬಲಗೈ. 1968ರಲ್ಲಿ ಆದ ಗಾಯ ವಯಸ್ಸಾದಂತೆ ಬೆರಳುಗಳ ಶಕ್ತಿಯನ್ನೇ ತಿಂದುಹಾಕಿತು. ಅಷ್ಟೆಲ್ಲಾ ಪಾಸ್ ಎಸೆದ ಕೈಗೆ ಗಾಲ್ಫ್ ಕೋಲು ಹಿಡಿಯೋಕೂ ಆಗದೆ, ಪಟ್ಟಿ ಸುತ್ತಿ ಕಟ್ಟಿಕೊಳ್ಳಬೇಕಿತ್ತು. ಅಂಗವೈಕಲ್ಯದ ಪರಿಹಾರ ಕೇಳಿದಾಗ ಲೀಗಿನ ಪಿಂಚಣಿ ಯೋಜನೆಯವರು ಕೊಡಲಿಲ್ಲ.

2002ರ ಸೆಪ್ಟೆಂಬರ್ 11ರಂದು, ಬಾಲ್ಟಿಮೋರ್ ಹತ್ತಿರದ ಒಂದು ವ್ಯಾಯಾಮ ಚಿಕಿತ್ಸಾ ಕೇಂದ್ರದಲ್ಲಿ ಹೃದಯಾಘಾತದಿಂದ ತೀರಿಕೊಂಡ. 69 ವರ್ಷ. ಆ ವಾರ ಬಾಲ್ಟಿಮೋರ್‌ನ ಹೊಸ ತಂಡ ರೇವನ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿದ್ದದ್ದು ಕ್ರಿಸ್ ರೆಡ್‌ಮನ್, ಅವನೂ ಲೂಯಿವಿಲ್‌ನಲ್ಲಿ ಓದಿದವನೇ. ಯುನೈಟಸ್ ಹಾಕ್ತಿದ್ದಂಥ ಎತ್ತರದ ಕಪ್ಪು ಶೂಗಳನ್ನು ಹಾಕಿಕೊಂಡು ಮೈದಾನಕ್ಕೆ ಇಳಿದ. ಉಡುಪಿನ ನಿಯಮ ಮುರಿದ ಅಂತ ಲೀಗ್ ಅವನಿಗೆ 5,000 ಡಾಲರ್ ದಂಡ ಹಾಕಿತು.