ಎಬೆನೀಜರ್ ಹೊವರ್ಡರ ಉದ್ಯಾನನಗರ

ಪಟ್ಟಣವು ಬೆಳೆದಂತೆ ನೆಲದ ಬೆಲೆಯು ಏರುವುದು. ಏರಿಸುವವರು ಅಲ್ಲಿ ದುಡಿದು ಬಾಳುವ ಜನರೆಲ್ಲರು. ಲಾಭವನ್ನು ಉಣ್ಣುವವರು ನೆಲದ ಒಡೆಯರು ಮಾತ್ರ. ಸ್ವಂತ ಮನೆಯಿಲ್ಲದ ಗೃಹಸ್ಥನಿಗೆ ಈ ಅನ್ಯಾಯವು ತಿಂಗಳು ತಿಂಗಳೂ ಅನುಭವಕ್ಕೆ ಬರುವ ಸಂಗತಿಯೇ. ಇದರ ಪರಿಹಾರಕ್ಕಾಗಿ ಜೀವಮಾನವನ್ನು ಸವೆಸಿದ ಎಬೆನೀಜರ್ ಹೊವರ್ಡರ ಚರಿತ್ರೆಯು ಮನನಯೋಗ್ಯವಾದುದು.

ಹೊವರ್ಡರು 1850ರಲ್ಲಿ ಲಂಡನ್ ನಗರದ ಮಿಠಾಯಿ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಗುಮಾಸ್ತರಾದರು. 1871ರಲ್ಲಿ ಅಮೆರಿಕೆಗೆ ತೆರಳಿ, ನೆಬ್ರಾಸ್ಕದಲ್ಲಿ ಬೇಸಾಯಕ್ಕೆ ಕೈಹಾಕಿ ಸೋತು, ಷಿಕಾಗೋದಲ್ಲಿ ಶೀಘ್ರಲಿಪಿಕಾರರಾಗಿ ದುಡಿದು, 1876ರಲ್ಲಿ ಸ್ವದೇಶಕ್ಕೆ ಮರಳಿದರು. ಅನಂತರ ಪಾರ್ಲಿಮೆಂಟಿನ ಭಾಷಣಗಳನ್ನು ಬರೆದುಕೊಳ್ಳುವುದೇ ಅವರ ಜೀವನೋಪಾಯವಾಯಿತು. ಅವರಿಗೆ ಧನಬಲವೂ ಇರಲಿಲ್ಲ, ವಾಸ್ತುವಿದ್ಯೆಯ ಅಭ್ಯಾಸವೂ ಇರಲಿಲ್ಲ.

1898ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಸಾರವು ಸರಳವಾದುದು. ಹೊಲದ ಬೆಲೆಗೆ ನೆಲವನ್ನು ಕೊಂಡು, ಧರ್ಮದರ್ಶಿಗಳ ವಶದಲ್ಲಿಟ್ಟು, ಸುತ್ತಲೂ ಬೇಸಾಯದ ಭೂಮಿಯುಳ್ಳ 32,000 ಜನರ ಊರನ್ನು ಕಟ್ಟಬೇಕು. ನೆಲವನ್ನು ಮಾರದೆ ಗುತ್ತಿಗೆಗೆ ಕೊಡಬೇಕು. ಸಾಲವು ತೀರುತ್ತ ಬಂದಂತೆ ಗುತ್ತಿಗೆಯ ಹಣವು ಊರಿನ ಹಿತಕ್ಕೂ ವೃದ್ಧರ ಪೋಷಣೆಗೂ ಸಲ್ಲಬೇಕು.

1903ರಲ್ಲಿ ಸುಮಾರು 3,800 ಎಕರೆ ನೆಲದಲ್ಲಿ ಲೆಚ್‌ವರ್ತ್ ನಗರವು ಆರಂಭವಾಯಿತು. ಪಾಲುದಾರರ ಲಾಭಾಂಶಕ್ಕೆ ನೂರಕ್ಕೆ ಐದರ ಮಿತಿಯಿತ್ತು. ಬಾಡಿಗೆದಾರರೇ ಪಾಲುದಾರರಾದ ಸಂಘಗಳು ಅಲ್ಲಿ ಮನೆಗಳನ್ನು ಕಟ್ಟಿದವು. ಅಡಿಗೆಮನೆಯೂ ಊಟದ ಶಾಲೆಯೂ ಎಲ್ಲರಿಗೂ ಒಂದೇ ಆಗಿದ್ದ ಸಹಕಾರಗೃಹವೊಂದರಲ್ಲಿ ಹೊವರ್ಡರು ಸ್ವತಃ ವಾಸಿಸಿದರು. ಆದರೆ ಹಣ ಹೂಡುವವರು ಹಿಂಜರಿಯುವರೆಂಬ ಭಯದಿಂದ ಕಂಪೆನಿಯ ನಿರ್ದೇಶಕರು ನೆಲದ ಬೆಲೆಯೊಡನೆ ಗುತ್ತಿಗೆಯನ್ನು ಏರಿಸುವ ಪದ್ಧತಿಯನ್ನು ಕೈಬಿಟ್ಟರು. ಒಡೆತನವೂ ನಿವಾಸಿಗಳ ಕೈಗೆ ಬರಲಿಲ್ಲ.

ಹೊವರ್ಡರು ಎದೆಗುಂದಲಿಲ್ಲ. 1919ರಲ್ಲಿ, ತಮ್ಮಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ, ಹರಾಜಿನಲ್ಲಿ ವೆಲ್ವಿನ್ ಪ್ರದೇಶದ ನೆಲವನ್ನು ಕೂಗಿ ಕೊಂಡರು. 1920ರಲ್ಲಿ ಎರಡನೆಯ ಉದ್ಯಾನನಗರವು ಮೊದಲಾಯಿತು. 1927ರಲ್ಲಿ ಸರ್ ಪದವಿಯನ್ನು ಪಡೆದು, ಮರುವರ್ಷ ಅವರು ಕಾಲವಾದರು.

ಅಪೂರ್ಣವಾಗಿ ಉಳಿದ ಕಾರ್ಯದ ಫಲವು ಮುಂದೆ ಕಂಡಿತು. 1960ರ ಸುಮಾರಿಗೆ ಲೆಚ್‌ವರ್ತ್ ಕಂಪೆನಿಯ ಪಾಲುಗಳು ಹೊರಗಿನ ವ್ಯಾಪಾರಿಗಳ ಕೈಗೆ ಹೋದವು. ನಾಗರಿಕರು ಹೋರಾಡಿದುದರಿಂದ 1962ರಲ್ಲಿ ಪಾರ್ಲಿಮೆಂಟು ಶಾಸನವನ್ನು ಮಾಡಿ ಆಸ್ತಿಯನ್ನು ಸಾರ್ವಜನಿಕ ನಿಗಮಕ್ಕೆ ಒಪ್ಪಿಸಿತು. 1995ರಿಂದ ಅದು ಪ್ರತಿಷ್ಠಾನವೊಂದರ ವಶದಲ್ಲಿದ್ದು, ಉತ್ಪನ್ನವು ಊರಿಗೇ ವೆಚ್ಚವಾಗುತ್ತಿದೆ.

ಜನರು ಕೂಡಿ ಮನೆ ಕಟ್ಟಿದರೆ ಸಾಲದು. ನೆಲದ ಒಡೆತನವು ಯಾರದೆಂಬುದನ್ನು ಅಡಿಗಲ್ಲನ್ನಿಡುವ ಮೊದಲೇ ನಿರ್ಣಯಿಸಬೇಕು. ಹೊವರ್ಡರ ಚರಿತ್ರೆಯಿಂದ ಗೃಹನಿರ್ಮಾಣ ಸಂಘಗಳು ಕಲಿಯಬೇಕಾದ ಪಾಠವಿದು.