‘ದುರ್ಗೇಶನಂದಿನಿ’ಯ ಓದುಗರು ಮತ್ತು ಬಂಕಿಮಚಂದ್ರರ ಬರಹದ ಬದುಕು

ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಹೆಸರು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ: ಬಿ. ವೆಂಕಟಾಚಾರ್ಯರ ಅನುವಾದಗಳ ಪ್ರಸ್ತಾಪದಲ್ಲಿ ಒಮ್ಮೆ, ‘ಆನಂದಮಠ’ ಹಾಗೂ ರಾಷ್ಟ್ರೀಯತೆಯ ಚರ್ಚೆಯಲ್ಲಿ ಇನ್ನೊಮ್ಮೆ. ಈ ಎರಡರ ನಡುವೆ, 1865ರಲ್ಲಿ ‘ದುರ್ಗೇಶನಂದಿನಿ’ಯನ್ನು ಪ್ರಕಟಿಸಿ ಹೊಗಳಿಕೆ ತೆಗಳಿಕೆಗಳನ್ನು ಒಟ್ಟಿಗೇ ಪಡೆದ, ಇನ್ನೂ ಮೂವತ್ತು ತುಂಬದ ಸರ್ಕಾರಿ ಅಧಿಕಾರಿಯೊಬ್ಬರು ಮರೆಯಾಗಿಬಿಡುತ್ತಾರೆ. ಆ ಕಾದಂಬರಿಯ ಮೇಲೆ ಬಂದ ಆಕ್ಷೇಪಗಳಿಗೆ ಉತ್ತರ ಹುಡುಕುವುದರಲ್ಲಿಯೇ ಅವರ ಮುಂದಿನ ಮೂರು ದಶಕಗಳ ಬರವಣಿಗೆಯ ಬಹುಪಾಲು ರೂಪುಗೊಂಡಿತು ಎಂಬುದು ಪ್ರಸ್ತುತ ಬರಹದ ನಿಲುವು.

ಬಂಕಿಮರು ಹುಟ್ಟಿದ್ದು 1838ರ ಜೂನ್‌ನಲ್ಲಿ, ನೈಹಾಟಿಯ ಬಳಿಯ ಕಾಂಠಾಲಪಾಡಾ ಗ್ರಾಮದಲ್ಲಿ. ತಂದೆ ಯಾದವಚಂದ್ರರು ಡೆಪ್ಯುಟಿ ಕಲೆಕ್ಟರ್ ಆಗಿದ್ದರು. ಹೂಗ್ಲಿಯಲ್ಲಿಯೂ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ನಡೆಯಿತು. 1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಇಬ್ಬರಲ್ಲಿ ಅವರೊಬ್ಬರು. ಇಬ್ಬರಿಗೂ ಗ್ರೇಸ್ ಅಂಕ ನೀಡಿಯೇ ತೇರ್ಗಡೆ ಮಾಡಲಾಯಿತೆಂಬುದು ಸ್ವಾರಸ್ಯದ ಸಂಗತಿ. ಅದೇ ವರ್ಷ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿ ಜೆಸ್ಸೋರಿಗೆ ನೇಮಕಗೊಂಡರು. ಬಾಲ್ಯದಲ್ಲಿ ಕೈಹಿಡಿದ ಪತ್ನಿ 1859ರಲ್ಲಿ ತೀರಿಕೊಂಡರು. ಮರುವರ್ಷ ರಾಜಲಕ್ಷ್ಮೀದೇವಿಯೊಡನೆ ವಿವಾಹವಾಯಿತು. 1891ರಲ್ಲಿ ನಿವೃತ್ತರಾಗುವವರೆಗೂ ಅವರು ಸರ್ಕಾರದ ನೌಕರಿಯಲ್ಲಿಯೇ ಇದ್ದರು. ಕಾದಂಬರಿ ಬರೆದದ್ದೆಲ್ಲ ಕಚೇರಿಯ ಕೆಲಸದಿಂದ ಉಳಿಸಿಕೊಂಡ ಹೊತ್ತಿನಲ್ಲಿ.

ಮೊದಲ ಕಾದಂಬರಿಯನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ. ‘ರಾಜಮೋಹನ್ಸ್ ವೈಫ್’ 1864ರಲ್ಲಿ ‘ಇಂಡಿಯನ್ ಫೀಲ್ಡ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದಕ್ಕೆ ಹೇಳಿಕೊಳ್ಳುವಂತಹ ಓದುಗರು ಒದಗಲಿಲ್ಲ. ಆ ಹೊತ್ತಿಗೆ ಖುಲ್ನಾದಲ್ಲಿ ಅಧಿಕಾರಿಯಾಗಿದ್ದುಕೊಂಡು ಅವರು ಬಂಗಾಳಿಯಲ್ಲಿ ಬೇರೊಂದು ಕಥೆಯನ್ನು ಬಹುಮಟ್ಟಿಗೆ ಬರೆದು ಮುಗಿಸಿದ್ದರು.

‘ದುರ್ಗೇಶನಂದಿನಿ’ಯ ಕಾಲ 1590ರ ಸುಮಾರು; ಬಂಗಾಳ–ಒರಿಸ್ಸಾಗಳ ಗಡಿಯಲ್ಲಿ ಮೊಗಲರಿಗೂ ಪಠಾಣರಿಗೂ ಯುದ್ಧ ನಡೆಯುತ್ತಿದ್ದ ಸಮಯ. ಮಾನಸಿಂಹನ ಮಗ ಜಗತ್‌ಸಿಂಹ, ಮಾಂದಾರಣ ದುರ್ಗದ ಒಡೆಯನ ಮಗಳು ತಿಲೋತ್ತಮೆ, ಪಠಾಣ ನಾಯಕ ಕತಲೂಖಾನನ ಮಗಳು ಆಯೇಷಾ, ಆಯೇಷಾಳನ್ನು ಬಯಸುವ ಉಸ್ಮಾನ್ ಇದರ ಮುಖ್ಯ ಪಾತ್ರಗಳು. ಗಾಯಗೊಂಡು ಸೆರೆಯಾದ ಜಗತ್‌ಸಿಂಹನನ್ನು ಆಯೇಷಾ ಉಪಚರಿಸುತ್ತಾಳೆ, ಮನಸಾರೆ ಒಲಿಯುತ್ತಾಳೆ. ಆದರೆ ಅವನ ವಿವಾಹ ತಿಲೋತ್ತಮೆಯೊಡನೆ ನಡೆಯುತ್ತದೆ. ತಿಲೋತ್ತಮೆಯ ಮಲತಾಯಿ ವಿಮಲೆ ತನ್ನ ಗಂಡನನ್ನು ಕೊಲ್ಲಿಸಿದ ಕತಲೂಖಾನನನ್ನು ಉತ್ಸವದ ರಾತ್ರಿ ಇರಿದು ಸೇಡು ತೀರಿಸಿಕೊಳ್ಳುತ್ತಾಳೆ. ಇತಿಹಾಸದ ಕತಲೂಖಾನ ಸತ್ತದ್ದು ಕಾಯಿಲೆಯಿಂದ. ಈ ಅಂತರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಸ್ವತಃ ಲೇಖಕರೇ ಇದರ ಲೆಕ್ಕ ಒಪ್ಪಿಸಬೇಕಾಗಿ ಬಂತು.

ಪುಸ್ತಕದ ಮೊದಲ ಕೇಳುಗರ ಬಗ್ಗೆ ಎರಡು ಕಥನಗಳಿವೆ. ಹಸ್ತಪ್ರತಿಯನ್ನು ಕೇಳಿದ ಅಣ್ಣಂದಿರಾದ ಶ್ಯಾಮಾಚರಣ ಮತ್ತು ಸಂಜೀವಚಂದ್ರರು ಇದು ಪ್ರಕಟಣೆಗೆ ಯೋಗ್ಯವಲ್ಲವೆಂದು ಅಭಿಪ್ರಾಯಪಟ್ಟರೆಂಬುದು ಒಂದು. ತಮ್ಮ ಪೂರ್ಣಚಂದ್ರರು ದಾಖಲಿಸಿರುವುದು ಇನ್ನೊಂದು: ರಜೆಯ ದಿನಗಳಲ್ಲಿ ಬಂಕಿಮರು ಮನೆಯಲ್ಲಿ ಕಥೆಯನ್ನು ಓದುತ್ತಿದ್ದಾಗ ಕೇಳಲು ಕುಳಿತ ಪಂಡಿತರು ಹುಕ್ಕಾ ಸೇದುವುದನ್ನೂ ಮರೆತರು, ವ್ಯಾಕರಣದೋಷಗಳು ಕಂಡವೇ ಎಂದು ಲೇಖಕರು ಕೇಳಿದಾಗ ಒಬ್ಬರು ಕಥೆಯ ಸೆಳೆತದಲ್ಲಿ ಅತ್ತ ಗಮನ ಹೋಗಲಿಲ್ಲವೆಂದರೆ, ಮತ್ತೊಬ್ಬರು ದೋಷವಿದ್ದ ಕಡೆಯೇ ಭಾಷೆ ಹೆಚ್ಚು ಮಧುರವಾಗಿದೆ ಎಂದರು. ಎರಡೂ ಕುಟುಂಬದ ನೆನಪುಗಳೇ. ಲೇಖಕರು ಖ್ಯಾತರಾದ ಮೇಲೆ ಬರಹಕ್ಕಿಳಿದವು. ಆದ್ದರಿಂದ ಪೂರ್ತಿಯಾಗಿ ನೆಚ್ಚಿಕೊಳ್ಳುವಂತಿಲ್ಲ. ಆದರೂ ಬಂಕಿಮರಿಗೆ ಅಳುಕಿದ್ದದ್ದು ಯಾವುದರ ಬಗ್ಗೆ ಎಂಬುದನ್ನು ಎರಡನೆಯ ಕಥನ ಸ್ಪಷ್ಟವಾಗಿ ಸೂಚಿಸುತ್ತದೆ. ಅಳುಕಿದ್ದದ್ದು ಕಥೆಯ ಬಗೆಗಲ್ಲ, ಭಾಷೆಯ ಬಗೆಗೆ.

ಆ ಅಳುಕು ನಿಜವಾಯಿತು. ಇಂಗ್ಲಿಷ್ ಕಲಿತ ತರುಣರು ಇಂತಹುದು ನಮ್ಮ ಭಾಷೆಯಲ್ಲಿಯೂ ಸಾಧ್ಯವೇ ಎಂದು ಬೆರಗಾಗಿ ಓದಿದರೆ, ದ್ವಾರಕಾನಾಥ ವಿದ್ಯಾಭೂಷಣರ ‘ಸೋಮಪ್ರಕಾಶ’ ಪತ್ರಿಕೆಯೂ ಸಂಸ್ಕೃತ ಪಂಡಿತ ವಲಯವೂ ಇದರ ಗದ್ಯವನ್ನು ಒಪ್ಪಲಿಲ್ಲ. ತತ್ಸಮ ಪದಗಳ ಪಕ್ಕದಲ್ಲಿ ಆಡುಮಾತನ್ನು ಕೂರಿಸುವುದಕ್ಕೆ ಆ ವಲಯ ಕೊಟ್ಟ ಹೆಸರು ‘ಗುರುಚಂಡಾಲಿ’ ದೋಷ. ಆ ಪದದಲ್ಲಿರುವ ಜಾತಿವಾಸನೆಯನ್ನು ಕಡೆಗಣಿಸುವಂತಿಲ್ಲ. ಗುರುವೂ ಚಂಡಾಲನೂ ಒಂದೇ ಪಂಕ್ತಿಯಲ್ಲಿ ಕೂರಬಾರದೆಂಬ ಸಾಮಾಜಿಕ ಕಟ್ಟಳೆಯನ್ನು ಅದು ವಾಕ್ಯರಚನೆಗೂ ವಿಸ್ತರಿಸುತ್ತದೆ. ಕಾದಂಬರಿಯಲ್ಲಿ ಗಜಪತಿ ವಿದ್ಯಾದಿಗ್ಗಜನೆಂಬ ಪಂಡಿತ ನಗೆಪಾಟಲಿಗೆ ಈಡಾಗುತ್ತಾನೆ. ಇದೂ ಆ ವಲಯಕ್ಕೆ ರುಚಿಸಿರಲಾರದು ಎಂದು ಊಹಿಸಬಹುದು.

ಎರಡನೆಯ ಆಕ್ಷೇಪ ಬಂದದ್ದು ಇಂಗ್ಲಿಷ್ ಬಲ್ಲವರಿಂದಲೇ. ಇದು ವಾಲ್ಟರ್ ಸ್ಕಾಟನ ‘ಐವನ್‌ಹೋ’ದ ನೆರಳು ಎಂದು ಅವರು ಗುರುತಿಸಿದರು. ರೆಬೆಕ್ಕಾ ಗಾಯಗೊಂಡ ವೀರನನ್ನು ಉಪಚರಿಸಿ ಕೊನೆಗೆ ರೊವೀನಾಳಿಗೆ ಆಭರಣದ ಪೆಟ್ಟಿಗೆ ಕೊಟ್ಟು ಹೊರಡುತ್ತಾಳೆ. ಆಯೇಷಾ ಕೂಡ ತಿಲೋತ್ತಮೆಗೆ ತನ್ನ ಒಡವೆಗಳನ್ನು ತೊಡಿಸಿ ಹಿಂದಿರುಗುತ್ತಾಳೆ. ಬರೆಯುವ ಮುನ್ನ ‘ಐವನ್‌ಹೋ’ ಓದಿರಲಿಲ್ಲವೆಂದು ಬಂಕಿಮರು ಆಪ್ತರಲ್ಲಿ ಹೇಳಿದರು. ಭೂದೇವ ಮುಖೋಪಾಧ್ಯಾಯರು ಅದಕ್ಕೂ ಮುಂಚೆಯೇ ‘ಅಂಗುರೀಯ ವಿನಿಮಯ’ದಲ್ಲಿ ಶಿವಾಜಿ ಹಾಗೂ ಔರಂಗಜೇಬನ ಮಗಳ ಪ್ರೇಮವನ್ನು ಕಥೆಯಾಗಿಸಿದ್ದರೆಂಬುದನ್ನು ಗಮನಿಸಿದರೆ, ಮೂಲವನ್ನು ಇಂಗ್ಲೆಂಡಿನಲ್ಲಿಯೇ ಹುಡುಕಬೇಕಾದ ಅಗತ್ಯ ಅಷ್ಟೇನೂ ಇಲ್ಲ. ವಾಸ್ತವವಾಗಿ ಆ ವಿವಾದದಿಂದ ಸಿಗುವ ತಿಳಿವಳಿಕೆ ಕಡಿಮೆ. ಓದುಗರು ಏನು ಮಾಡಿದರೆಂಬ ಸಾಮ್ಯವೇ ಹೆಚ್ಚು ಕುತೂಹಲಕರ. ಐವನ್‌ಹೋ ರೆಬೆಕ್ಕಾಳನ್ನು ವರಿಸಲಿಲ್ಲವೆಂದು ಇಂಗ್ಲಿಷ್ ಓದುಗರು ಅಸಮಾಧಾನಗೊಂಡರು. ಥ್ಯಾಕರೆ 1850ರಲ್ಲಿ ಅವರಿಬ್ಬರಿಗೂ ಮದುವೆ ಮಾಡಿಸಿ ಹಾಸ್ಯಕಥೆಯನ್ನೇ ಬರೆದನು. ಬಂಗಾಳದಲ್ಲಿ ದಾಮೋದರ ಮುಖೋಪಾಧ್ಯಾಯರು ಆಯೇಷಾಳ ಕಥೆಯನ್ನು ‘ನವಾಬನಂದಿನಿ’ಯಾಗಿ ಮುಂದುವರಿಸಿದರು. ಶೀರ್ಷಿಕೆ ದುರ್ಗಾಧಿಪತಿಯ ಮಗಳದ್ದಾದರೂ ಓದುಗರ ಮನಸ್ಸು ನೆಟ್ಟದ್ದು ಪಠಾಣನ ಮಗಳಲ್ಲಿ.

ಈ ಭಿನ್ನಾಭಿಪ್ರಾಯಗಳು ಪುಸ್ತಕದ ಪ್ರಸಾರವನ್ನು ತಡೆಯಲಿಲ್ಲ. 1873ರಲ್ಲಿ ಕಲ್ಕತ್ತೆಯ ಬೆಂಗಾಲ್ ಥಿಯೇಟರಿನಲ್ಲಿ ನಾಟಕವಾಯಿತು. ಲೇಖಕರ ಜೀವಿತಾವಧಿಯಲ್ಲಿ 13 ಆವೃತ್ತಿಗಳು ಬಂದವು. ‘ಕಪಾಲಕುಂಡಲಾ’ (1866), ‘ಮೃಣಾಲಿನಿ’ (1869) ಕಾದಂಬರಿಗಳನ್ನು ಬರೆದ ಬಳಿಕ 1872ರಲ್ಲಿ ಬಂಕಿಮರು ‘ವಂಗದರ್ಶನ’ವನ್ನು ಆರಂಭಿಸಿದರು. ಭಾಷೆಯ ಆಕ್ಷೇಪಕ್ಕೆ ಅವರು ಉತ್ತರಿಸಿದ್ದು ಅದೇ ಪತ್ರಿಕೆಯಲ್ಲಿ, 1878ರಲ್ಲಿ ಬರೆದ ಬಂಗಾಳಿ ಭಾಷೆಯನ್ನು ಕುರಿತ ಪ್ರಬಂಧದಲ್ಲಿ. ಬರಹದ ಮೊದಲ ಗುಣ ಸರಳತೆ ಮತ್ತು ಸ್ಪಷ್ಟತೆ. ಅದಕ್ಕಾಗಿ ಸಂಸ್ಕೃತ, ಪಾರಸಿ, ಅರಬ್ಬಿ, ಇಂಗ್ಲಿಷ್, ಗ್ರಾಮ್ಯ ಎಂಬ ಭೇದವೆಣಿಸದೆ, ಅಶ್ಲೀಲವೊಂದನ್ನು ಬಿಟ್ಟು, ಯಾವ ಪದವನ್ನಾದರೂ ಬಳಸಬಹುದೆಂಬುದು ಅವರ ವಾದ. ದೋಷವೆಂದು ಹೇಳಿದ್ದನ್ನೇ ಅವರು ಸಿದ್ಧಾಂತವಾಗಿ ಮಂಡಿಸಿದರು.

ಇಲ್ಲಿ ಕನ್ನಡದ ಪ್ರಸಂಗವೊಂದನ್ನು ಸೇರಿಸಬೇಕು. ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿದ್ದ ವೆಂಕಟಾಚಾರ್ಯರು (1845–1914) ಬಂಗಾಳಿ ಕಲಿತು 1885ರಲ್ಲಿ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದರು. ಮೂಲ ಲೇಖಕರೂ ಅನುವಾದಕರೂ ನ್ಯಾಯಪೀಠದಲ್ಲಿ ಕುಳಿತವರೇ. ಹಳೆಯ ಮೈಸೂರಿನಲ್ಲಿ ಕಾದಂಬರಿ ಓದುವ ವರ್ಗವನ್ನು ನಿರ್ಮಿಸಿದ ಶ್ರೇಯಸ್ಸು ವೆಂಕಟಾಚಾರ್ಯರದೆಂಬುದರಲ್ಲಿ ವಿವಾದವಿಲ್ಲ. ಆದರೆ ಅವರ ಗದ್ಯ ಸಂಸ್ಕೃತಭೂಯಿಷ್ಠವಾದುದು. ಬಂಗಾಳದಲ್ಲಿ ಆಡುಮಾತು ಬೆರೆತಿತೆಂದು ನಿಂದೆಗೊಳಗಾದ ಕೃತಿ ಕನ್ನಡಕ್ಕೆ ಬರುವಾಗ ಪಂಡಿತರು ಒಪ್ಪುವಂತಹ ವೇಷ ತೊಟ್ಟಿತು. ಅನುವಾದದ ಜೊತೆಗೆ ಆ ಜಗಳವೂ ಬಂದಿದ್ದರೆ ನಮ್ಮ ಗದ್ಯದ ಚರ್ಚೆ ಇನ್ನಷ್ಟು ಬೇಗ ಮೊದಲಾಗುತ್ತಿತ್ತೇನೋ.

ಇತಿಹಾಸದ ಪ್ರಶ್ನೆಯನ್ನು ಬಂಕಿಮರು ಎಲ್ಲಕ್ಕಿಂತ ತಡವಾಗಿ ಎದುರಿಸಿದರು. 1880ರ ಸುಮಾರಿಗೆ ಬಂಗಾಳಿಗಳಿಗೆ ತಮ್ಮದೇ ಇತಿಹಾಸ ಬೇಕೆಂದು ಒತ್ತಾಯಿಸಿ ಬರೆಯುತ್ತಿದ್ದವರಿಗೆ ತಮ್ಮ ಕಾದಂಬರಿಗಳ ಇತಿಹಾಸ ಎಂತಹುದೆಂದು ಕೇಳಿಕೊಳ್ಳದೆ ಗತಿಯಿರಲಿಲ್ಲ. 1893ರಲ್ಲಿ, ಬಹಳವಾಗಿ ಹಿಗ್ಗಿಸಿ ಬರೆದ ‘ರಾಜಸಿಂಹ’ದ ನಾಲ್ಕನೆಯ ಆವೃತ್ತಿಯ ಮುನ್ನುಡಿಯಲ್ಲಿ, ಇದೇ ತಮ್ಮ ಮೊದಲ ಐತಿಹಾಸಿಕ ಕಾದಂಬರಿ, ‘ದುರ್ಗೇಶನಂದಿನಿ’ಯನ್ನು ಹಾಗೆ ಕರೆಯಲಾಗದು ಎಂದು ಬರೆದರು. 28 ವರ್ಷ ಐತಿಹಾಸಿಕವೆಂದೇ ಓದಿಕೊಂಡು ಬಂದವರಿಗೆ ಇದು ಅನಿರೀಕ್ಷಿತವಾಗಿದ್ದಿರಬೇಕು. ಅದೇ ಕೃತಿಯ ಕೊನೆಯಲ್ಲಿ, ಹಿಂದೂವಾದ ಮಾತ್ರಕ್ಕೆ ಒಳ್ಳೆಯವನು, ಮುಸಲ್ಮಾನನಾದ ಮಾತ್ರಕ್ಕೆ ಕೆಟ್ಟವನು ಎಂಬ ಅರ್ಥವನ್ನು ಯಾರೂ ತೆಗೆಯಬಾರದೆಂದು ಓದುಗರಿಗೆ ತಿಳಿಸಿದರು. ಅಂತಹ ಅರ್ಥ ಹುಟ್ಟುತ್ತಿದೆ ಎಂಬ ಅರಿವು ಅವರಿಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. 1894ರ ಏಪ್ರಿಲ್ 8ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು.

ಅವರ ಜೀವಿತಕಾಲದ ಚರ್ಚೆಗಳಲ್ಲಿ ಅಷ್ಟಾಗಿ ಕೇಳಿಸದಿದ್ದ ಓದುಗರ ದನಿಯೊಂದು ಆಮೇಲೆ ಎದ್ದಿತು. ಹಿಂದೂ ರಾಜಪುತ್ರನಿಗೆ ಒಲಿದು ಕೈತಪ್ಪಿಸಿಕೊಳ್ಳುವವಳು ನವಾಬನ ಮಗಳೇ ಏಕಾಗಬೇಕು ಎಂಬುದು ಬಂಗಾಳದ ಮುಸ್ಲಿಂ ಓದುಗರ ನೋವಾಗಿತ್ತು. ಇಸ್ಮಾಯಿಲ್ ಹುಸೇನ್ ಸಿರಾಜಿಯವರು ಇದಕ್ಕೆ ಉತ್ತರವಾಗಿ 1915ರ ವೇಳೆಗೆ ‘ರಾಯನಂದಿನಿ’ಯನ್ನು ಬರೆದರು. ಅದರಲ್ಲಿ ಹಿಂದೂ ಮನೆತನದ ಸ್ವರ್ಣಮಯಿ ಈಸಾಖಾನನಿಗೆ ಮನಸೋಲುತ್ತಾಳೆ. ಪಾತ್ರಗಳ ಧರ್ಮ ಅದಲುಬದಲಾಗಿದೆ, ಆದರೆ ಕಥೆಯ ಅಚ್ಚು ಅದೇ; ಪುಸ್ತಕದ ಹೆಸರಿನಲ್ಲಿ ‘ನಂದಿನಿ’ ಎಂಬ ಪದ ಕೂಡ ಹಾಗೆಯೇ ಉಳಿದಿದೆ.